ಅಪ್ಪಾಜಿಯ ಜಾಬ್ ಕಾರ್ಡ್

ಬೆಂಗಳೂರಿನ ಆ ದೊಡ್ಡ ಆಸ್ಪತ್ರೆಯಲ್ಲಿ ಸರ್ಜನ್ ಒಂದು ಬಿಳಿ ಹಾಳೆಯ ಮೇಲೆ ಕರುಳಿನ ಚಿತ್ರ ಬರೆದರು. ಗಡ್ಡೆ ಇರುವ ಜಾಗಕ್ಕೆ ಸುತ್ತು ಹಾಕಿ, ಅದರ ಮೇಲೊಂದು, ಕೆಳಗೊಂದು ಗೆರೆ ಎಳೆದರು. "ಇಷ್ಟು ಭಾಗ ತೆಗೀತೀವಿ ಯಜಮಾನ್ರೇ. ಆಮೇಲೆ ಈ ತುದಿ, ಆ ತುದಿ ಸೇರಿಸ್ತೀವಿ. ಈಗ ಸೂಜಿ ದಾರದಲ್ಲಿ ಹೊಲಿಯೋದು ಕಡಿಮೆ. ಸ್ಟೇಪ್ಲರ್ ಇರುತ್ತೆ. ರೋಬೋಟಿನ ಕೈಯಲ್ಲೇ ಸ್ಟೇಪ್ಲರ್ ಇರುತ್ತೆ, ಕತ್ತರಿಸೋದೂ ಪಿನ್ನು ಹೊಡೆಯೋದೂ ಒಟ್ಟಿಗೇ ಆಗುತ್ತೆ."

ನಾನು ತಲೆಯಾಡಿಸುತ್ತಿದ್ದೆ. ಅಪ್ಪಾಜಿ ಆ ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡು ನೋಡಿದರು. "ಸಾರ್, ಅದು ಅರ್ಧಕ್ಕೆ ನಿಂತ್ರೆ?"

"ಯಾವುದು?"

"ಪಿನ್ನು ಹೊಡೆಯೋದು. ಅರ್ಧ ಹೊಡೆದು ನಿಂತ್ರೆ ಏನ್ ಮಾಡ್ತೀರಿ?"

ನಾನು ಮೇಜಿನ ಕೆಳಗೆ ಅವರ ಮೊಣಕೈ ಮುಟ್ಟಿದೆ. ಕ್ಯಾನ್ಸರ್ ಎಂಬ ಮಾತು ಕೇಳಿ ಇನ್ನೂ ಹದಿನೈದು ದಿನ ಆಗಿರಲಿಲ್ಲ. ದಾವಣಗೆರೆಯಿಂದ ರಾತ್ರಿ ಬಸ್ಸಿಗೆ ಬಂದಿದ್ದೆವು, ಹೊರಗೆ ಇನ್ನೂ ಇಪ್ಪತ್ತು ಜನ ಕಾಯುತ್ತಿದ್ದರು. ಇಂಥ ಹೊತ್ತಲ್ಲಿ ಇದೆಂಥ ಪ್ರಶ್ನೆ ಅನಿಸಿತು. ಆದರೆ ಸರ್ಜನ್ ಪೆನ್ನು ಕೆಳಗಿಟ್ಟರು. "ಒಳ್ಳೇ ಪ್ರಶ್ನೆ. ಕೈಯಿಂದ ಬಿಡಿಸೋ ವ್ಯವಸ್ಥೆ ಇರುತ್ತೆ. ಬಿಡಿಸ್ತೀವಿ, ಕಾರ್ಟ್ರಿಜ್ ಬದಲಾಯಿಸ್ತೀವಿ. ಆಗಲಿಲ್ಲ ಅಂದ್ರೆ ಕೈಯಲ್ಲೇ ಹೊಲೀತೀನಿ. ನೀವು ಏನ್ ಕೆಲಸ ಮಾಡ್ತಿದ್ರಿ?"

"ಟರ್ನರ್ ಸಾರ್. ಹರಿಹರ, ಕಿರ್ಲೋಸ್ಕರ್."

ಸರ್ಜನ್‌ಗೆ ಆ ಹೆಸರಿನಿಂದ ಏನು ತಿಳಿಯಿತೋ ಗೊತ್ತಿಲ್ಲ. ನಮ್ಮ ಕಡೆಯವರಿಗೆ ಅದು ಬಿಡಿಸಿ ಹೇಳಬೇಕಾದ ಹೆಸರಲ್ಲ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳನ್ನು ಮಾಡುತ್ತಿತ್ತು. ಅಂದರೆ ಯಂತ್ರಗಳನ್ನು ಹುಟ್ಟಿಸುವ ಯಂತ್ರಗಳು. ಊರಿನ ಗಡಿಯಾರ ಅದರ ಸೈರನ್ನಿಗೆ ಹೊಂದಿಕೊಂಡಿತ್ತು. ಈ ಶತಮಾನದ ಶುರುವಿನಲ್ಲಿ ಕಾರ್ಖಾನೆ ಮುಚ್ಚಿತು. ಅಪ್ಪಾಜಿ ಆಮೇಲೆ ಕೆಲವು ವರ್ಷ ದಾವಣಗೆರೆಯ ಸಣ್ಣ ವರ್ಕ್‌ಶಾಪ್‌ಗಳಲ್ಲಿ ದುಡಿದು, ಅವ್ವ ತೀರಿಕೊಂಡ ಮೇಲೆ ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಗೆ ಬಂದರು. ಬರುವಾಗ ಒಂದು ಟ್ರಂಕು, ಒಂದು ವರ್ನಿಯರ್ ಕ್ಯಾಲಿಪರ್ ತಂದಿದ್ದರು. ಕ್ಯಾಲಿಪರ್ ಈಗಲೂ ಟಿ.ವಿ. ಪಕ್ಕದ ಗೂಡಿನಲ್ಲಿದೆ.

ಅವರ ಕಣ್ಣಲ್ಲಿ ಯಂತ್ರ ಎಂದರೆ ನಂಬಬೇಕಾದ ವಸ್ತುವೂ ಅಲ್ಲ, ಹೆದರಬೇಕಾದ ವಸ್ತುವೂ ಅಲ್ಲ. ಅದು ಎಲ್ಲಿ ತಪ್ಪುತ್ತದೆ ಎಂದು ಮೊದಲೇ ಕೇಳಿಕೊಂಡು ಆಮೇಲೆ ಕೈ ಹಾಕಬೇಕಾದ ವಸ್ತು. ಬೆಂಗಳೂರಿನಿಂದ ವಾಪಸ್ ಬರುವಾಗ ಬಸ್ಸಿನಲ್ಲಿ ಅವರು ಕೇಳಿದರು: "ಅವ್ವಾ, ಆ ಸ್ಟೇಪ್ಲರ್ ಅಂದ್ರೆ ಹೆಂಗ್ ಇರ್ತತಿ ನೋಡು ಸ್ವಲ್ಪ." ನಾನು ನೋಡತೊಡಗಿದ್ದು ಹೀಗೆ. ಮೊದಲು ಅವರಿಗೆ ಹೇಳುವುದಕ್ಕೆ, ಆಮೇಲೆ ನನ್ನ ನಿದ್ದೆಗೆ.

*

ಕರುಳನ್ನು ಪಿನ್ನಿನಿಂದ ಸೇರಿಸುವ ಯೋಚನೆ ಹಳೆಯದು. ಸುಶ್ರುತ ಸಂಹಿತೆಯಲ್ಲಿ ಹರಿದ ಕರುಳಿನ ಅಂಚುಗಳನ್ನು ಒಟ್ಟಿಗೆ ಹಿಡಿದು ದೊಡ್ಡ ಕಪ್ಪಿರುವೆಗಳಿಂದ ಕಚ್ಚಿಸಿ, ಕಚ್ಚಿದ ಮೇಲೆ ಇರುವೆಯ ಮೈ ಕಿತ್ತು ತಲೆಯನ್ನು ಅಲ್ಲೇ ಬಿಡುವ ವಿಧಾನ ಇದೆ. ಇದನ್ನು ಹೇಳಿದಾಗ ಅಪ್ಪಾಜಿ ಬಹಳ ಹೊತ್ತು ಸುಮ್ಮನಿದ್ದು, "ಗೊದ್ದನ ಬಾಯಿ ಗಟ್ಟಿ ನೋಡು" ಅಂದರು.

ಈಗಿನ ಯಂತ್ರದ ಅಜ್ಜ ಹುಟ್ಟಿದ್ದು 1908ರಲ್ಲಿ, ಬುಡಾಪೆಸ್ಟ್‌ನಲ್ಲಿ. ಹ್ಯೂಮರ್ ಹ್ಯೂಲ್ಟ್ಲ್ ಎಂಬ ಸರ್ಜನ್, ವಿಕ್ಟರ್ ಫಿಶರ್ ಎಂಬ ಉಪಕರಣ ತಯಾರಕನ ಜತೆ ಸೇರಿ ಮಾಡಿದ ಆ ಸ್ಟೇಪ್ಲರ್ ಮೂರೂವರೆ ಕಿಲೋ ತೂಗುತ್ತಿತ್ತು. ಬಿಡಿಭಾಗ ಜೋಡಿಸುವುದಕ್ಕೇ ಎರಡು ಗಂಟೆ ಬೇಕಿತ್ತಂತೆ. ಆಮೇಲೆ ಅದೇ ದೇಶದ ಅಲಾದಾರ್ ಪೆಟ್ಜ್ ಅದನ್ನು ಹಗುರ ಮಾಡಿದ. 1950ರ ದಶಕದಲ್ಲಿ ಮಾಸ್ಕೋದ ಒಂದು ಸಂಶೋಧನಾ ಸಂಸ್ಥೆ ರಕ್ತನಾಳಕ್ಕೆ, ಶ್ವಾಸಕೋಶಕ್ಕೆ, ಕರುಳಿಗೆ ಬೇರೆ ಬೇರೆ ಸ್ಟೇಪ್ಲರ್‌ಗಳನ್ನು ಮಾಡಿತು. 1958ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಹೋಗಿದ್ದ ಅಮೆರಿಕದ ಸರ್ಜನ್ ಮಾರ್ಕ್ ರಾವಿಚ್ ಅದನ್ನು ಕಂಡು ಬೆರಗಾಗಿ ಒಂದನ್ನು ಕೊಂಡು ತಂದರು. ಲಿಯಾನ್ ಹಿರ್ಶ್ ಎಂಬ ವ್ಯಾಪಾರಿ 1964ರಲ್ಲಿ ಕಂಪನಿ ಕಟ್ಟಿ ಅದನ್ನು ಜಗತ್ತಿಗೆ ಮಾರಿದರು.

ಆಫೀಸಿನ ಸ್ಟೇಪ್ಲರ್‌ಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಕಾಗದಕ್ಕೆ ಹೊಡೆದ ಪಿನ್ನು ಚಪ್ಪಟೆಯಾಗಿ ಮಡಿಚಿಕೊಳ್ಳುತ್ತದೆ. ಕರುಳಿಗೆ ಹೊಡೆದ ಟೈಟಾನಿಯಂ ಪಿನ್ನು ಇಂಗ್ಲಿಷಿನ 'ಬಿ' ಅಕ್ಷರದ ಹಾಗೆ ಮಡಿಚಿಕೊಳ್ಳಬೇಕು. ಆ 'ಬಿ'ಯ ಹೊಟ್ಟೆಯಲ್ಲಿ ಉಳಿಯುವ ಸಂದಿನಿಂದ ರಕ್ತ ಹರಿಯುತ್ತದೆ, ಅಂಚು ಜೀವಂತ ಇರುತ್ತದೆ, ಗಾಯ ಕೂಡುತ್ತದೆ. ತೀರಾ ಬಿಗಿಯಾದರೆ ಮಾಂಸ ಸಾಯುತ್ತದೆ, ಸಡಿಲವಾದರೆ ಸೋರುತ್ತದೆ. ಅದಕ್ಕೇ ಕಾರ್ಟ್ರಿಜ್‌ಗಳಿಗೆ ಬಣ್ಣ. ತೆಳು ಅಂಗಾಂಶಕ್ಕೆ ಬಿಳಿ, ಸಾಧಾರಣಕ್ಕೆ ನೀಲಿ, ದಪ್ಪಕ್ಕೆ ಹಸಿರು, ಇನ್ನೂ ದಪ್ಪಕ್ಕೆ ಕಪ್ಪು. ನೀಲಿಯ ಪಿನ್ನು ಹೊಡೆಯುವ ಮೊದಲು 3.5 ಮಿಲಿಮೀಟರ್ ಎತ್ತರ, ಮಡಿಚಿದ ಮೇಲೆ ಸುಮಾರು 1.5.

"ಒಂದೂವರೆ ಎಂ.ಎಂ.," ಎಂದು ಅಪ್ಪಾಜಿ ಎದ್ದು ಹೋಗಿ ಕ್ಯಾಲಿಪರ್ ತಂದರು. ಬಾಯಿಯನ್ನು 1.5ಕ್ಕೆ ಇಟ್ಟು ಬೆಳಕಿಗೆ ಹಿಡಿದು ನೋಡಿದರು. "ಇಷ್ಟರೊಳಗೆ ಕರುಳಿನ ಎರಡು ಪದರ ಬರಬೇಕು. ಮನುಷ್ಯನ ಕರುಳು ಏನು ಡ್ರಾಯಿಂಗ್ ನೋಡಿ ಮಾಡಿದ್ದೇ? ಒಬ್ಬೊಬ್ಬನದು ಒಂದೊಂದು ದಪ್ಪ."

ಪ್ರಶ್ನೆ ಸರಿಯಾಗಿ ಅಲ್ಲೇ ಇದೆ. ಕೈಯಲ್ಲಿ ಹಿಡಿಯುವ ಸ್ಟೇಪ್ಲರ್ ಬಳಸುವಾಗ ಸರ್ಜನ್‌ಗೆ ಹಿಡಿಕೆ ಒತ್ತುವಾಗಲೇ ಒಳಗಿನ ದಪ್ಪ ಅಂಗೈಗೆ ಸ್ವಲ್ಪವಾದರೂ ಹೇಳುತ್ತದೆ. ಅಪ್ಪಾಜಿ ಲೇತ್ ಬಗ್ಗೆ ಹೇಳುವುದೂ ಇದನ್ನೇ: ಟೂಲ್ ಮೊಂಡಾದದ್ದು ಕಣ್ಣಿಗೆ ಕಾಣುವ ಮುಂಚೆ ಕೈಗೆ ಗೊತ್ತಾಗುತ್ತದೆ, ಅದಕ್ಕೂ ಮುಂಚೆ ಕಿವಿಗೆ ಗೊತ್ತಾಗುತ್ತದೆ. ರೋಬೋಟ್ ಶಸ್ತ್ರಚಿಕಿತ್ಸೆಯಲ್ಲಿ ಸರ್ಜನ್ ರೋಗಿಯಿಂದ ಕೆಲವು ಅಡಿ ದೂರ ಕೂತು, ಪರದೆಯಲ್ಲಿ ಹಿಗ್ಗಿದ ಚಿತ್ರ ನೋಡುತ್ತ ಹಿಡಿಕೆಗಳನ್ನು ಆಡಿಸುತ್ತಾರೆ. ಅಮೆರಿಕದಲ್ಲಿ ಡಾ ವಿಂಚಿ ಯಂತ್ರಕ್ಕೆ 2000ದಲ್ಲಿ ಒಪ್ಪಿಗೆ ಸಿಕ್ಕಿತು. ಅದರ ಕೈಗೆ ಸ್ಟೇಪ್ಲರ್ ಬಂದದ್ದು 2012ರಲ್ಲಿ. ಒತ್ತಡವನ್ನು ಸರ್ಜನ್ ಬೆರಳಿಗೆ ಹಿಂತಿರುಗಿಸುವ ಉಪಕರಣಗಳು 2024ರ ಮಾದರಿಯಲ್ಲಷ್ಟೇ ಬಂದವು. ನಡುವಿನ ವರ್ಷಗಳಲ್ಲಿ ಅಂಗೈಯ ಕೆಲಸವನ್ನು ಮೋಟಾರು ಮತ್ತು ಸೆನ್ಸರುಗಳಿಗೆ ವಹಿಸಲಾಯಿತು. ಸ್ಟೇಪ್ಲರ್ ಬಾಯಿ ಮುಚ್ಚುವಾಗ ಯಂತ್ರವೇ ಒತ್ತಡ ಅಳೆಯುತ್ತದೆ. ಆ ಬಣ್ಣದ ಕಾರ್ಟ್ರಿಜ್‌ಗೆ ಬೇಕಾದಷ್ಟು ಬಾಯಿ ಮುಚ್ಚದಿದ್ದರೆ ಎಚ್ಚರಿಕೆ ಕೊಟ್ಟು ನಿಲ್ಲುತ್ತದೆ. ಹೊಸ ಮಾದರಿಗಳು ಪಿನ್ನು ಹೊಡೆಯುತ್ತ ಹೋಗುವಾಗಲೂ ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ಅಳೆದು, ಬೇಕಾದರೆ ವೇಗ ತಗ್ಗಿಸುತ್ತವೆ ಎಂದು ತಯಾರಕರು ಹೇಳುತ್ತಾರೆ.

"ಅಂದ್ರೆ ಗೋ, ನೋ-ಗೋ ಗೇಜ್," ಅಂದರು ಅಪ್ಪಾಜಿ.

ಅದೇನೆಂದು ಕೇಳಿದೆ. ಕಾರ್ಖಾನೆಯಲ್ಲಿ ರಂಧ್ರ ಸರಿಯಾಗಿದೆಯೇ ಎಂದು ನೋಡಲು ಎರಡು ತುದಿಯ ಗೇಜ್ ಇರುತ್ತಿತ್ತಂತೆ. ಒಂದು ತುದಿ ಒಳಗೆ ಹೋಗಬೇಕು, ಇನ್ನೊಂದು ತುದಿ ಹೋಗಲೇಬಾರದು. ಅಳತೆ ಎಷ್ಟು ಎಂದು ಅದು ಹೇಳುವುದಿಲ್ಲ. ಸರಿ ಅಥವಾ ಸರಿಯಲ್ಲ ಎಂದಷ್ಟೇ ಹೇಳುತ್ತದೆ. "ಒಳ್ಳೇ ಸಾಮಾನು. ಆದ್ರೆ ಅದು ದಪ್ಪ ನೋಡ್ತತಿ. ಕಬ್ಬಿಣ ಒಳಗೆ ಟೊಳ್ಳಾಗಿದ್ರೆ ಅದಕ್ಕೇನು ಗೊತ್ತಾಗ್ತತಿ?"

ಈ ಮಾತಿನ ಬೆಲೆ ನನಗೆ ತಿಳಿಯಲು ಇನ್ನೂ ಒಂದು ತಿಂಗಳು ಬೇಕಿತ್ತು.

*

ಆಪರೇಷನ್ ಚೆನ್ನಾಗಿ ಆಯಿತು ಎಂದರು. ಐದು ಗಂಟೆ ಹಿಡಿಯಿತು. ರಕ್ತ ಹೆಚ್ಚು ಹೋಗಲಿಲ್ಲ. ಹೊಟ್ಟೆಯ ಮೇಲೆ ಬೆರಳ ತುದಿಯಷ್ಟು ಅಗಲದ ನಾಲ್ಕೈದು ಗಾಯ, ಕೆಳಗೆ ಸ್ವಲ್ಪ ಉದ್ದದ್ದೊಂದು. ಜೋಡಿಸಿದ ಮೇಲೆ ಸೋರಿಕೆ ಪರೀಕ್ಷೆಯನ್ನೂ ಮಾಡಿದ್ದರು. ಅದು ಹೇಗೆ ಎಂದು ಕಿರಿಯ ಡಾಕ್ಟರ್ ವಿವರಿಸಿದಾಗ ಅಪ್ಪಾಜಿ ನೋವಿನಲ್ಲೂ ನಕ್ಕರು. ಹೊಟ್ಟೆಯ ತಳದಲ್ಲಿ ನೀರು ತುಂಬಿ, ಕೆಳಗಿನಿಂದ ಕರುಳಿಗೆ ಗಾಳಿ ಊದಿ, ಗುಳ್ಳೆ ಬರುತ್ತದೆಯೇ ಎಂದು ನೋಡುವುದು. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬನ್ನು ಬಾಂಡ್ಲಿ ನೀರಿನಲ್ಲಿ ಅದ್ದಿದ ಹಾಗೇ. ಗುಳ್ಳೆ ಬಂದಿರಲಿಲ್ಲ.

ಐದನೆಯ ದಿನ ಜ್ವರ ಬಂತು. ನಾಡಿ ಓಡತೊಡಗಿತು. ಬೆಳಿಗ್ಗೆ ಇಡ್ಲಿಯ ಬಗ್ಗೆ ಮಾತಾಡಿದ್ದ ಮನುಷ್ಯ ಮಧ್ಯಾಹ್ನದ ಹೊತ್ತಿಗೆ ಯಾರೊಡನೆಯೂ ಮಾತಾಡದೆ ಗೋಡೆ ಕಡೆ ತಿರುಗಿ ಮಲಗಿದರು. ಸಿ.ಟಿ. ಸ್ಕ್ಯಾನ್ ಆಯಿತು. ಜೋಡಣೆ ಸೋರುತ್ತಿದೆ ಎಂದರು. ರಾತ್ರಿ ಹನ್ನೊಂದಕ್ಕೆ ಮತ್ತೆ ಥಿಯೇಟರಿಗೆ ಕರೆದೊಯ್ದರು. ಈ ಸಲ ಹೊಟ್ಟೆಯನ್ನು ತೊಳೆದು, ಸಣ್ಣ ಕರುಳಿನ ಒಂದು ಕುಣಿಕೆಯನ್ನು ಹೊಟ್ಟೆಯ ಮೇಲೆ ತಂದು ಚೀಲ ಹಾಕಿದರು. ಕೆಳಗಿನ ಜೋಡಣೆಗೆ ವಿಶ್ರಾಂತಿ ಸಿಗಲಿ ಎಂದು.

ಆ ರಾತ್ರಿಯ ಬಗ್ಗೆ ಹೆಚ್ಚು ಬರೆಯಲಾರೆ. ಕಾರಿಡಾರಿನ ಕುರ್ಚಿಯಲ್ಲಿ ಕೂತು ನಾನು ಮಾಡಿದ್ದು ಒಂದೇ ಕೆಲಸ: ಯಾರ ಮೇಲೆ ಸಿಟ್ಟಾಗಬೇಕು ಎಂದು ಹುಡುಕಿದ್ದು. ರೋಬೋಟ್ ಬೇಡ ಎಂದು ಅಣ್ಣ ಹೇಳಿದ್ದ, ನಾನು ಕೇಳಿರಲಿಲ್ಲ. ಹೆಚ್ಚಿಗೆ ಹಣ ಕಟ್ಟಿ ಒಪ್ಪಿದ್ದು ನಾನು. ಆದ್ದರಿಂದ ಸಿಟ್ಟು ತಿರುಗಿ ನನ್ನ ಹತ್ತಿರವೇ ಬರುತ್ತಿತ್ತು. ಅದಕ್ಕಿಂತ ಯಂತ್ರದ ಮೇಲೆ ಸಿಟ್ಟಾಗುವುದು ಸುಲಭವಾಗಿತ್ತು.

ಅಪ್ಪಾಜಿ ಉಳಿದುಕೊಂಡರು. ಮೂರು ವಾರದ ನಂತರ ನಿಜಲಿಂಗಪ್ಪ ಬಡಾವಣೆಗೆ ಬಂದರು. ಚೀಲ ಬದಲಾಯಿಸುವುದನ್ನು ಎರಡೇ ದಿನದಲ್ಲಿ ಕಲಿತು, ನನ್ನನ್ನು ಆ ಕೋಣೆಗೆ ಬಿಡಲಿಲ್ಲ. ಪ್ಲೇಟಿನ ರಂಧ್ರ ಕತ್ತರಿಸಲು ಕ್ಯಾಲಿಪರ್ ಬಳಸುತ್ತಿದ್ದರು. ಹತ್ತು ದಿನ ಕಳೆದ ಮೇಲೆ ಒಂದು ಸಂಜೆ ಕನ್ನಡಕ ಹಾಕಿಕೊಂಡು ಆಸ್ಪತ್ರೆಯ ಫೈಲ್ ತೆರೆದರು. ಡಿಸ್ಚಾರ್ಜ್ ಸಮ್ಮರಿ, ಆಪರೇಷನ್ ನೋಟ್ಸ್, ಬಿಲ್. ನನಗೆ ಕೂಗಿದರು.

"ಅವ್ವಾ, ಬಿಲ್ಲಿನಾಗೆ ಸ್ಟೇಪ್ಲರ್ ಕಾರ್ಟ್ರಿಜ್ ಮೂರು ಐತಿ. ನೋಟ್ಸ್‌ನಾಗೆ ಎರಡು ಸಲ ಹೊಡೆದ್ವಿ ಅಂತ ಐತಿ. ಇನ್ನೊಂದು ಎಲ್ಲಿ ಹೋತು?"

ನಾನು ಬಿಲ್ಲಿನ ಮೊತ್ತವನ್ನಷ್ಟೇ ನೋಡಿದ್ದೆ.

*

ಮುಂದಿನ ಭೇಟಿಯಲ್ಲಿ ಕೇಳಿದೆವು. ಮಾತು ಜಗಳವಾಗುತ್ತದೆ ಎಂದು ನಾನು ಗಟ್ಟಿ ಮಾಡಿಕೊಂಡು ಹೋಗಿದ್ದೆ. ಸರ್ಜನ್ ನೆನಪಿಸಿಕೊಂಡು ನೇರವಾಗಿ ಹೇಳಿದರು. ಮೊದಲು ನೀಲಿ ಹಾಕಿದ್ದರು. ಬಾಯಿ ಪೂರ್ತಿ ಮುಚ್ಚಲಿಲ್ಲ, ಯಂತ್ರ ಬೇಡ ಎಂದಿತು. ಸ್ವಲ್ಪ ಕಾದು ಮತ್ತೆ ಒತ್ತಿದರೂ ಒಪ್ಪಲಿಲ್ಲ. ಅದನ್ನು ತೆಗೆದು ಹಸಿರು ಹಾಕಿ, ಎರಡು ಸಲ ಹೊಡೆದು ಕತ್ತರಿಸಿದರು. ನೀಲಿ ತೆರೆದದ್ದರಿಂದ ಬಿಲ್ಲಿಗೆ ಬಂತು, ಹೊಡೆಯದ್ದರಿಂದ ನೋಟ್ಸಿಗೆ ಬರಲಿಲ್ಲ.

"ಅಂದ್ರೆ ನೋ-ಗೋ ಬಂತು," ಅಂದರು ಅಪ್ಪಾಜಿ.

"ಹೌದು. ಅದು ಯಂತ್ರ ಕೆಟ್ಟದ್ದಲ್ಲ ಯಜಮಾನ್ರೇ. ಯಂತ್ರ ತನ್ನ ಕೆಲಸ ಮಾಡಿದ್ದು."

"ಅದು ಗೊತ್ತು ಸಾರ್. ಆದ್ರೆ ಬರೀಬೇಕಿತ್ತಲ್ವಾ?"

ಡಾಕ್ಟರ್ ಇದಕ್ಕೆ ತಕ್ಷಣ ಉತ್ತರಿಸಲಿಲ್ಲ. ಆಮೇಲೆ ಸೋರಿಕೆಯ ಬಗ್ಗೆ ಅವರು ಹೇಳಿದ್ದು ನನಗೆ ಹೊಸದು. ರೋಬೋಟ್ ಹಿಡಿದ ಉದ್ದನೆಯ ಸ್ಟೇಪ್ಲರ್ ಕತ್ತರಿಸಿ ಮುಚ್ಚುವುದಷ್ಟೇ. ಎರಡು ತುದಿಗಳನ್ನು ಕೊನೆಗೆ ಜೋಡಿಸುವುದು ದುಂಡನೆಯ ಬೇರೆ ಸ್ಟೇಪ್ಲರ್. ಅದನ್ನು ಕೆಳಗಿನಿಂದ ತೂರಿಸಿ ರೋಗಿಯ ಪಕ್ಕ ನಿಂತ ಸಹಾಯಕ ಡಾಕ್ಟರ್ ಕೈಯಲ್ಲೇ ಒತ್ತುತ್ತಾರೆ. ಅಂದರೆ ನಾನು ಕಾರಿಡಾರಿನಲ್ಲಿ ರಾತ್ರಿಯಿಡೀ ಬೈದ ರೋಬೋಟ್, ಆ ಜೋಡಣೆಯನ್ನು ಮಾಡಿರಲೇ ಇಲ್ಲ. ಹಾಗಾದರೆ ಆ ಕೈಯ ತಪ್ಪೇ? ಅದೂ ಗೊತ್ತಿಲ್ಲ. ಕತ್ತರಿಸಿ ಬಂದ ಎರಡು ಉಂಗುರಗಳು ಪೂರ್ತಿ ಇದ್ದವು, ಗುಳ್ಳೆ ಬಂದಿರಲಿಲ್ಲ. ರಕ್ತದ ಪೂರೈಕೆ ಕಡಿಮೆಯಾಗಿರಬಹುದು, ಜೋಡಣೆ ಎಳೆತಕ್ಕೆ ಸಿಕ್ಕಿರಬಹುದು. ಹಿಂದಿನಿಂದ ಇರುವ ಸಕ್ಕರೆ ಕಾಯಿಲೆ, ದಪ್ಪಗೆ ಊದಿಕೊಂಡ ಕರುಳು ಕೂಡ ಕಾರಣವಿರಬಹುದು. ಮಲಾಶಯ ಕತ್ತರಿಸಲು ಹೆಚ್ಚು ಸಲ ಸ್ಟೇಪ್ಲರ್ ಹೊಡೆಯಬೇಕಾದಷ್ಟೂ ಸೋರಿಕೆಯ ಸಾಧ್ಯತೆ ಹೆಚ್ಚುತ್ತದೆ ಎಂದು ಹಲವು ಅಧ್ಯಯನಗಳು ಕಂಡಿವೆ. ಕಬ್ಬಿಣ ಟೊಳ್ಳಾಗಿದ್ದರೆ ಗೇಜಿಗೆ ಗೊತ್ತಾಗದು ಎಂದಿದ್ದರಲ್ಲ ಅಪ್ಪಾಜಿ, ಹಾಗೆ. ಸೆನ್ಸರ್ ದಪ್ಪ ಅಳೆಯಿತು. ಆ ಅಂಚಿಗೆ ಐದನೆಯ ದಿನದವರೆಗೆ ಸಾಕಷ್ಟು ರಕ್ತ ಹರಿಯುತ್ತದೆಯೇ ಎಂದು ಅಳೆಯಲು ಅದಕ್ಕೆ ಬರುವುದಿಲ್ಲ.

"ಈ ಜಾಗದಲ್ಲಿ ನೂರು ಜನರಲ್ಲಿ ಐದರಿಂದ ಹದಿನೈದು ಜನಕ್ಕೆ ಸೋರಬಹುದು. ಕೈಯಲ್ಲಿ ಮಾಡಿದ್ರೂ, ರೋಬೋಟ್‌ನಲ್ಲಿ ಮಾಡಿದ್ರೂ. ಗೊತ್ತಿರೋ ಕಾಂಪ್ಲಿಕೇಶನ್," ಎಂದರು ಡಾಕ್ಟರ್. ಅದು ತಪ್ಪಿಸಿಕೊಳ್ಳುವ ಮಾತಲ್ಲ. ಮಲಾಶಯದ ಕ್ಯಾನ್ಸರಿಗೆ ರೋಬೋಟನ್ನೂ ಸಾಮಾನ್ಯ ಲ್ಯಾಪರೊಸ್ಕೋಪಿಯನ್ನೂ ಹೋಲಿಸಿ 2017ರಲ್ಲಿ ಪ್ರಕಟವಾದ ರೋಲಾರ್ ಎಂಬ ಅಂತಾರಾಷ್ಟ್ರೀಯ ಅಧ್ಯಯನ 471 ರೋಗಿಗಳನ್ನು ನೋಡಿತ್ತು. ಹೊಟ್ಟೆ ಕೊಯ್ದು ಮುಂದುವರಿಸಬೇಕಾದ ಪ್ರಸಂಗಗಳು ರೋಬೋಟಿನಲ್ಲಿ ನೂರಕ್ಕೆ 8.1, ಇನ್ನೊಂದರಲ್ಲಿ 12.2. ಆದರೆ ಅಷ್ಟು ಜನರಲ್ಲಿ ಆ ಅಂತರವನ್ನು ಖಚಿತ ಎನ್ನಲು ಬರುವಂತಿರಲಿಲ್ಲ.

ಹೊರಗೆ ಬಂದ ಮೇಲೆ ಅಪ್ಪಾಜಿ ಒಂದೇ ಮಾತು ಹೇಳಿದರು. "ಗೊತ್ತಿರೋದು ಅಂತಾರಲ್ಲ, ಎಣಿಸಿದೋರು ಯಾರು?"

*

ಈ ಪ್ರಶ್ನೆಯನ್ನು ಹಿಡಿದುಕೊಂಡು ಓದುವಾಗ ನನಗೆ ಸಿಕ್ಕಿದ್ದು ಅಮೆರಿಕದ ಒಂದು ಕತೆ. ಅಲ್ಲಿ ವೈದ್ಯಕೀಯ ಉಪಕರಣಗಳಿಂದ ಏನಾದರೂ ಅನಾಹುತವಾದರೆ ವರದಿ ಮಾಡುವ ವ್ಯವಸ್ಥೆ ಇದೆ, ಯಾರು ಬೇಕಾದರೂ ತೆರೆದು ನೋಡಬಹುದಾದ ದಾಖಲೆ ಇದೆ. 2016ರ ಆ ಬಹಿರಂಗ ದಾಖಲೆಯಲ್ಲಿ ಸ್ಟೇಪ್ಲರ್‌ಗಳಿಗೆ ಸಂಬಂಧಿಸಿ ಇದ್ದದ್ದು 84 ವರದಿ. ಅದನ್ನು ನೋಡಿದ ಯಾವ ಸರ್ಜನ್ ಆದರೂ ಇದು ಸುರಕ್ಷಿತ ಉಪಕರಣ ಎಂದುಕೊಳ್ಳಬೇಕು. 2019ರ ಮಾರ್ಚಿನಲ್ಲಿ ಕೈಸರ್ ಹೆಲ್ತ್ ನ್ಯೂಸ್‌ನ ವರದಿಗಾರ್ತಿ ಕ್ರಿಸ್ಟಿನಾ ಜ್ಯುವೆಟ್ ಇನ್ನೊಂದು ಲೆಕ್ಕ ಹೊರತಂದರು. ಕೆಲವು ಉಪಕರಣಗಳ ತಯಾರಕರಿಗೆ ತೊಂದರೆಗಳನ್ನು ಒಟ್ಟಾಗಿಸಿ ಸಾರಾಂಶ ರೂಪದಲ್ಲಿ, ಸಾರ್ವಜನಿಕರಿಗೆ ಕಾಣದ ಹಾಗೆ ಸಲ್ಲಿಸುವ ವಿನಾಯಿತಿಯನ್ನು ಸರಕಾರದ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೊಟ್ಟಿತ್ತು. ಅದೇ 2016ರಲ್ಲಿ ಆ ಮರೆಯಲ್ಲಿದ್ದ ಸ್ಟೇಪ್ಲರ್ ವರದಿಗಳು ಹತ್ತು ಸಾವಿರದ ಹತ್ತಿರ.

ಅದೇ ತಿಂಗಳು ಎಫ್‌ಡಿಎ ವೈದ್ಯರಿಗೆ ಪತ್ರ ಬರೆದು ಲೆಕ್ಕ ಹೇಳಿತು. 2011ರ ಜನವರಿಯಿಂದ 2018ರ ಮಾರ್ಚ್‌ವರೆಗೆ ದೇಹದೊಳಗೆ ಬಳಸುವ ಸ್ಟೇಪ್ಲರ್ ಮತ್ತು ಪಿನ್ನುಗಳ ಬಗ್ಗೆ 41,000ಕ್ಕೂ ಹೆಚ್ಚು ವರದಿಗಳು ಬಂದಿದ್ದವು. ಅವುಗಳಲ್ಲಿ 366 ಸಾವು, 9,000ಕ್ಕೂ ಹೆಚ್ಚು ಗಂಭೀರ ಗಾಯ, 32,000ಕ್ಕೂ ಹೆಚ್ಚು ಉಪಕರಣ ಕೈಕೊಟ್ಟ ಪ್ರಸಂಗ. ಪಿನ್ನಿನ ಸಾಲು ಬಿಚ್ಚಿಕೊಂಡದ್ದು, ಪಿನ್ನು ಸರಿಯಾಗಿ ಮಡಿಚದ್ದು, ಹೊಡೆಯದೇ ಇದ್ದದ್ದು, ತಪ್ಪು ಅಳತೆಯ ಪಿನ್ನು ಬಳಸಿದ್ದು. ವರದಿ ಇದೆ ಎಂದ ಮಾತ್ರಕ್ಕೆ ಉಪಕರಣವೇ ಕಾರಣ ಎಂದಾಗುವುದಿಲ್ಲ. ಲಕ್ಷಾಂತರ ಆಪರೇಷನ್‌ಗಳ ನಡುವೆ ಇವು ಬಂದಿದ್ದವು ಎಂಬುದೂ ನಿಜ. ಆದರೂ ಆ ಲೆಕ್ಕ ಬೆಳಕಿಗೆ ಬಂದ ಮೇಲೆ ಕೆಲಸಗಳಾದವು. ಗುಪ್ತ ಸಾರಾಂಶದ ಪದ್ಧತಿ ಅದೇ ವರ್ಷ ನಿಂತಿತು. ಅಲ್ಲಿಯವರೆಗೆ ಬ್ಯಾಂಡೇಜಿನ ಜತೆ ಅತಿ ಕಡಿಮೆ ಅಪಾಯದ ವರ್ಗದಲ್ಲಿದ್ದ ಸ್ಟೇಪ್ಲರನ್ನು 2021ರ ಅಕ್ಟೋಬರಿನಲ್ಲಿ ಎರಡನೇ ವರ್ಗಕ್ಕೆ ಏರಿಸಿ, ಹೆಚ್ಚಿನ ಪರೀಕ್ಷೆ ಮತ್ತು ಎಚ್ಚರಿಕೆಯ ಬರಹಗಳನ್ನು ಕಡ್ಡಾಯ ಮಾಡಿದರು.

ರೋಬೋಟ್‌ಗಳ ಬಗ್ಗೆಯೂ ಇಂಥ ಎಣಿಕೆ ನಡೆದಿದೆ. ಹೋಮಾ ಆಲೆಮ್‌ಜಾದೆ, ರವಿಶಂಕರ್ ಅಯ್ಯರ್ ಮತ್ತಿತರ ಸಂಶೋಧಕರು 2000ದಿಂದ 2013ರವರೆಗಿನ ಅಮೆರಿಕದ ದಾಖಲೆಯಲ್ಲಿ ಸಿಕ್ಕ 10,624 ವರದಿಗಳನ್ನು ಜಾಲಾಡಿದರು. 144 ಸಾವು, 1,391 ಗಾಯ, 8,061 ಯಂತ್ರದ ತೊಂದರೆ. ಓದುವಾಗ ಎದೆ ಝಲ್ಲೆನ್ನುತ್ತದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ತಿಳಿಯುತ್ತದೆ: ಇಷ್ಟನ್ನಾದರೂ ಬರೆದಿಟ್ಟವರು ಇದ್ದರು. ಬರೆಯದಿದ್ದರೆ ಆ ಯಂತ್ರ ಕಾಗದದ ಮೇಲೆ ಪೂರ್ತಿ ಸುರಕ್ಷಿತವಾಗಿರುತ್ತಿತ್ತು.

ನಮ್ಮಲ್ಲೂ ಇದಕ್ಕೊಂದು ವ್ಯವಸ್ಥೆ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. ಹೆಸರು ಮೆಟೀರಿಯೊವಿಜಿಲೆನ್ಸ್ ಪ್ರೋಗ್ರಾಮ್ ಆಫ್ ಇಂಡಿಯಾ. ಶುರುವಾದದ್ದು 2015ರ ಜುಲೈ 6ರಂದು. ಗಾಜಿಯಾಬಾದಿನ ಇಂಡಿಯನ್ ಫಾರ್ಮಾಕೊಪಿಯಾ ಕಮಿಷನ್ ಅದನ್ನು ನೋಡಿಕೊಳ್ಳುತ್ತದೆ. ವೈದ್ಯಕೀಯ ಉಪಕರಣಗಳಿಗಾಗಿಯೇ ಮಾಡಿದ ನಿಯಮಗಳು 2018ರ ಜನವರಿಯಿಂದ ಜಾರಿಯಲ್ಲಿವೆ, 2020ರ ಏಪ್ರಿಲ್‌ನಿಂದ ಎಲ್ಲ ವೈದ್ಯಕೀಯ ಉಪಕರಣಗಳೂ ಔಷಧ ಕಾನೂನಿನ ವ್ಯಾಪ್ತಿಗೆ ಬಂದಿವೆ. ಸ್ಟೆಂಟು, ಸಿರಿಂಜು, ಸ್ಟೇಪ್ಲರ್, ಯಾವುದರಿಂದ ತೊಂದರೆಯಾದರೂ ತಿಳಿಸಲು ಒಂದು ನಮೂನೆ ಇದೆ. ಡಾಕ್ಟರು, ನರ್ಸು ಮಾತ್ರವಲ್ಲ, ನಮ್ಮಂಥವರೂ ತಿಳಿಸಬಹುದು.

ನಮೂನೆಯನ್ನು ಪ್ರಿಂಟ್ ತೆಗೆಸಿ ತಂದೆ. ಅಪ್ಪಾಜಿ ಅದರ ಮೇಲೆ ಬೆರಳಾಡಿಸಿದರು. ಉಪಕರಣದ ಹೆಸರು, ತಯಾರಕರು, ಬ್ಯಾಚ್ ಅಥವಾ ಲಾಟ್ ನಂಬರ್, ಯಾವಾಗ ಬಳಸಿದ್ದು, ಏನಾಯಿತು, ರೋಗಿ ಈಗ ಹೇಗಿದ್ದಾರೆ. "ಇದು ಜಾಬ್ ಕಾರ್ಡು," ಅಂದರು. ಅವರ ಕಾರ್ಖಾನೆಯಲ್ಲಿ ಪ್ರತಿಯೊಂದು ಕೆಲಸದ ಜತೆ ಒಂದು ಕಾರ್ಡು ಹೋಗುತ್ತಿತ್ತಂತೆ. ಯಾವ ಯಂತ್ರ, ಯಾರ ಕೈ, ಯಾವ ಟೂಲ್, ಅಳತೆ ನೋಡಿದವರ ಸಹಿ. ರಿಜೆಕ್ಟ್ ಆದದ್ದಕ್ಕೂ ಕಾರ್ಡು ಇರುತ್ತಿತ್ತು. "ರಿಜೆಕ್ಟ್ ಮುಚ್ಚಿಟ್ಟೋನು ಮೂರು ದಿನ ಬಚಾವ್ ಆಗ್ತಿದ್ದ. ನಾಲ್ಕನೇ ದಿನ ಅದೇ ತಪ್ಪು ಇನ್ನೊಬ್ಬನ ಕೈಯಾಗೆ ಆಗ್ತಿತ್ತು."

ಲಾಟ್ ನಂಬರ್ ನಮ್ಮ ಹತ್ತಿರ ಇರಲಿಲ್ಲ. ಕಾರ್ಟ್ರಿಜ್ ಪೊಟ್ಟಣದ ಮೇಲಿನ ಸ್ಟಿಕ್ಕರನ್ನು ಥಿಯೇಟರಿನಲ್ಲಿ ಕಿತ್ತು ಕೇಸ್ ಶೀಟಿಗೆ ಅಂಟಿಸಿರುತ್ತಾರೆ, ನಮ್ಮ ಕೈಗೆ ಬರುವ ಕಾಗದಗಳಲ್ಲಿ ಅದು ಇರುವುದಿಲ್ಲ. ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಅರ್ಜಿ ಕೊಟ್ಟೆ. "ಕೇಸ್ ಹಾಕ್ತೀರಾ ಮೇಡಂ?" ಎಂದು ಅಲ್ಲಿನ ಗುಮಾಸ್ತ ಮೆಲ್ಲಗೆ ಕೇಳಿದ. ಇಲ್ಲ ಎಂದೆ. ಹಾಗಾದರೆ ಯಾಕೆ ಎಂಬ ಮುಖ ಮಾಡಿದ. ಎರಡು ವಾರದ ನಂತರ ಜೆರಾಕ್ಸ್ ಸಿಕ್ಕಿತು. ನಾಲ್ಕು ಸ್ಟಿಕ್ಕರ್ ಇರಬೇಕಿತ್ತು: ಎರಡು ಹಸಿರು, ಒಂದು ದುಂಡನೆಯ ಸ್ಟೇಪ್ಲರ್, ಹೊಡೆಯದ ನೀಲಿ. ಇದ್ದದ್ದು ಮೂರು. ನೀಲಿಯದು ಇರಲಿಲ್ಲ.

ಆ ರಾತ್ರಿ ಊಟದ ಮೇಜಿನ ಮೇಲೆ ನಮೂನೆ ತುಂಬಿದೆವು. ತೊಂದರೆಗೆ ಉಪಕರಣ ಕಾರಣವೇ ಎಂಬಲ್ಲಿ ನನ್ನ ಕೈ ನಿಂತಿತು. ಹೌದು ಎಂದು ಬರೆಯುವ ಆಸೆ ಇನ್ನೂ ಪೂರ್ತಿ ಹೋಗಿರಲಿಲ್ಲ. "ಗೊತ್ತಿಲ್ಲ ಅಂತ ಬರಿ," ಅಂದರು ಅಪ್ಪಾಜಿ. "ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಬರೆದ್ರೇ ಅಲ್ವಾ, ನೋಡೋನು ನೋಡೋದು?" ವಿವರದ ಜಾಗದಲ್ಲಿ ನೀಲಿ ಕಾರ್ಟ್ರಿಜ್‌ಗೆ ಯಂತ್ರ ಒಪ್ಪದ ಸಂಗತಿಯನ್ನೂ ಬರೆಸಿದರು. ಅದು ಅನಾಹುತವಲ್ಲ. ಯಂತ್ರ ಸರಿಯಾಗಿ ನಡೆದುಕೊಂಡ ಕ್ಷಣ. ಆದರೆ ಇಂಥ ನೂರು ನಿರಾಕರಣೆಗಳು ಒಂದೆಡೆ ಸೇರಿದರೆ, ಎಂಥ ಕರುಳಿಗೆ ಯಾವ ಬಣ್ಣ ಸಾಲುವುದಿಲ್ಲ, ಬಾಯಿ ಮುಚ್ಚದಿದ್ದವರಲ್ಲಿ ಮುಂದೆ ಎಷ್ಟು ಜನಕ್ಕೆ ಸೋರಿತು ಎಂದು ಯಾರಾದರೂ ನೋಡಬಹುದು. ಬಿಲ್ಲಿನಲ್ಲಿ ಮಾತ್ರ ಉಳಿದರೆ ಅದು ಬರೀ ಖರ್ಚು.

ಸ್ವೀಕರಿಸಿದ್ದೇವೆ ಎಂದು ಒಂದು ಮೇಲ್ ಬಂತು. ಬೇರೇನೂ ಬರಲಿಲ್ಲ. ಸರ್ಜನ್‌ಗೂ ಒಂದು ಪ್ರತಿ ಕೊಟ್ಟೆವು. ಅವರು ಓದಿ, ಮಡಿಚಿ ಕೋಟಿನ ಜೇಬಿಗೆ ಹಾಕಿಕೊಂಡರು. ನಾಲ್ಕು ತಿಂಗಳಿಗೆ ಅವರೇ ಚೀಲ ತೆಗೆದು ಕರುಳನ್ನು ಒಳಗೆ ಸೇರಿಸಿದರು. ಈ ಸಲ ನೋಟ್ಸ್‌ನ ಜತೆಯೇ ಸ್ಟಿಕ್ಕರ್‌ಗಳ ಜೆರಾಕ್ಸ್ ಇತ್ತು. ನಾವು ಕೇಳಿರಲಿಲ್ಲ.

*

ಎರಡು ವರ್ಷವಾಯಿತು. ಅಪ್ಪಾಜಿ ಬೆಳಿಗ್ಗೆ ರಿಂಗ್ ರೋಡಿನವರೆಗೆ ನಡೆದು ಬರುತ್ತಾರೆ. ಮಂಡಕ್ಕಿ ತಿನ್ನುತ್ತಾರೆ, ಮೆಣಸಿನಕಾಯಿ ಬಜ್ಜಿಯನ್ನು ಮಾತ್ರ ನೋಡಿ ಬಿಡುತ್ತಾರೆ. ಕಳೆದ ತಿಂಗಳು ನಮ್ಮ ಬೀದಿಯ ಒಬ್ಬ ಮೇಷ್ಟ್ರು ಬಂದರು. ಅವರ ಹೆಂಡತಿಗೆ ಕರುಳಿನ ಆಪರೇಷನ್ ಆಗಬೇಕು. ಇಲ್ಲೇ ಮಾಡಿಸುವುದೋ, ಬೆಂಗಳೂರಿಗೆ ಹೋಗುವುದೋ, ಮಾಮೂಲಿನದೋ, ರೋಬೋಟೋ. "ನಿಮಗೆ ಅನುಭವ ಐತಲ್ಲ. ರೋಬೋಟ್ ಒಳ್ಳೇದೋ ಕೆಟ್ಟದ್ದೋ ಹೇಳ್ರಿ."

ಅಪ್ಪಾಜಿ ಒಳ್ಳೆಯದೆಂದೂ ಹೇಳಲಿಲ್ಲ, ಕೆಟ್ಟದ್ದೆಂದೂ ಹೇಳಲಿಲ್ಲ. ನನ್ನಿಂದ ಒಂದು ಹಾಳೆ ತರಿಸಿ, "ಬರ್ಕೊಳ್ರಿ ಮೇಷ್ಟ್ರೇ" ಅಂದರು.

"ಒಂದು, ಈ ಆಪರೇಷನ್ ನೀವು ಎಷ್ಟು ಮಾಡೀರಿ, ಅದರಾಗೆ ಎಷ್ಟು ಸೋರ್ಯಾವೆ ಅಂತ ಕೇಳ್ರಿ. ಎರಡು, ಕರುಳು ಜೋಡಿಸೋದು ಯಾವುದರಿಂದ, ಯಾರ ಕೈಯಿಂದ. ಮೂರು, ಮಷೀನು ಒಪ್ಪಲಿಲ್ಲ ಅಂದ್ರೆ ಏನ್ ಮಾಡ್ತೀರಿ. ನಾಲ್ಕು, ಸೋರಿದ್ರೆ ಎಷ್ಟು ಬೇಗ ಗೊತ್ತಾಗ್ತತಿ, ರಾತ್ರಿ ಹೊತ್ತು ಯಾರು ಇರ್ತಾರೆ."

ಮೇಷ್ಟ್ರು ದುಂಡಗೆ ಬರೆದುಕೊಳ್ಳುತ್ತಿದ್ದರು. ನಾನು ಚಹಾ ತಂದಿಟ್ಟೆ.

"ಐದು, ಸ್ಟಿಕ್ಕರ್ ಎಲ್ಲಾ ಫೈಲಿಗೆ ಅಂಟಿಸ್ರಿ ಅನ್ರಿ. ಹೊಡೀದೇ ಇಟ್ಟಿದ್ದೂ ಸೇರಿ."

"ಹೊಡೀದೇ ಇಟ್ಟಿದ್ದಾ?" ಮೇಷ್ಟ್ರು ತಲೆ ಎತ್ತಿದರು.

"ಹ್ಞೂಂ. ಚಹಾ ತಗೊಳ್ರಿ, ಹೇಳ್ತೀನಿ," ಎಂದು ಅಪ್ಪಾಜಿ ಗೂಡಿನಲ್ಲಿದ್ದ ಕ್ಯಾಲಿಪರಿಗೆ ಕೈ ಚಾಚಿದರು.